ಒಳಗಡೆ ಹಿಡಿಯಿಲ್ಲದ ಬಾಗಿಲು

ಮೊಮ್ಮಗಳು ಸ್ಟುಡಿಯೋದ ಪ್ರದರ್ಶನ ನೋಡಲೇಬೇಕೆಂದು ಹಟ ಹಿಡಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಅಲ್ಲಿ ಏನನ್ನು ಇಟ್ಟಿದ್ದಾರೆಂದು ನನಗೆ ಗೊತ್ತಿತ್ತು. 'ಮರದಾಚೆಯ ಊರು' ಎಂಬ ಧಾರಾವಾಹಿಗೆ ಆ ಮರವನ್ನು ಮಾಡಿದವನೇ ನಾನು.

ಮೂವತ್ತು ವರ್ಷಗಳ ಹಿಂದೆ ನಾನು ಅಲ್ಲಿ ಸೆಟ್ಟು ಕಟ್ಟುವ ಬಡಗಿಯಾಗಿದ್ದೆ. ವಾರಕ್ಕೊಮ್ಮೆ ಬರುತ್ತಿದ್ದ ಆ ಕಥೆಯಲ್ಲಿ ಒಂದು ಮುದಿಮರ, ಮರದಲ್ಲೊಂದು ಬಾಗಿಲು. ನಮ್ಮನ್ನು ಬಿಟ್ಟು ಹೋದವರೆಲ್ಲ ಆ ಬಾಗಿಲಿನಾಚೆಯ ಊರಿನಲ್ಲಿ ಸುಖವಾಗಿರುತ್ತಾರೆ. ಅಲ್ಲಿಗೆ ಹೋಗುವವರು ಪಾದರಕ್ಷೆಯನ್ನು ಹೊರಗೆ ಬಿಡಬೇಕು. ಹಿಂದಿನಿಂದ ಯಾರು ಕರೆದರೂ ಓಗೊಡಬಾರದು. ಓಗೊಟ್ಟರೆ ಊರು ಮಾಯವಾಗುತ್ತದೆ. ನನ್ನ ಮಗಳಿಗೆ ಆಗ ಎಂಟು ವರ್ಷ. "ಅಪ್ಪಾ, ಬಾಗಿಲ ಹಿಂದೆ ಏನಿದೆ ಹೇಳು" ಎಂದು ದಿನವೂ ಪೀಡಿಸುತ್ತಿದ್ದಳು. ನಾನು ಹೇಳಲಿಲ್ಲ. ಬಣ್ಣದ ಮುಂದೆ ನಿಂತ ಮಗುವಿಗೆ ಹಿಂದಿನ ಮೊಳೆ ತೋರಿಸಬಾರದೆಂದು ನಮ್ಮ ಮೇಸ್ತ್ರಿಯ ಕಟ್ಟಪ್ಪಣೆಯಿತ್ತು. ನಾವು ಬಡಗಿಗಳು ಅದನ್ನು ಮನೆಯಲ್ಲಿಯೂ ವ್ರತದಂತೆ ಪಾಲಿಸುತ್ತಿದ್ದೆವು. ಮಗಳು ದೊಡ್ಡವಳಾದಳು, ತಾನೂ ತಾಯಿಯಾದಳು, ಅದೇ ಕಥೆಯನ್ನು ತನ್ನ ಮಗುವಿಗೂ ಹೇಳಿದಳು. ಆಗಲೂ ಹೇಳಲಿಲ್ಲ. ಕಳೆದ ವರ್ಷ ಜ್ವರ ಬಂದು ಹನ್ನೊಂದನೆಯ ದಿನ ತೀರಿಕೊಂಡಳು.

ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಮಗುವನ್ನು ಸಂಜೆ ಕರೆತಂದಾಗ ಅದು ಅಳುತ್ತ ಕೇಳಿದ ಮೊದಲ ಮಾತು, "ಅಮ್ಮ ಎಲ್ಲಿ?" ಅಳಿಯ ಗೋಡೆಯ ಕಡೆ ತಿರುಗಿದ. ದಿನಕ್ಕೆರಡು ಹೊತ್ತು ದೇವರ ಮುಂದೆ ಕೂರುವ ನಾನು ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳಿದೆ: "ಮರದ ಬಾಗಿಲಿಂದ ಆಚೆ ಹೋಗಿದಾಳೆ ಕಂದ." ಮಗು ಅಳು ನಿಲ್ಲಿಸಿತು. ನನಗೆ ಅಷ್ಟು ಸಾಕಾಗಿತ್ತು.

ಆ ಸುಳ್ಳು ಈಗ ನನ್ನ ಕಿರುಬೆರಳು ಹಿಡಿದುಕೊಂಡು ಟಿಕೆಟ್ಟಿನ ಸಾಲಿನಲ್ಲಿ ನಿಂತಿತ್ತು. ಆರು ವರ್ಷದ ಮೊಮ್ಮಗಳನ್ನು ಮನೆಯಲ್ಲಿ ಚಿನಕುರುಳಿ ಎನ್ನುತ್ತೇವೆ. ಕೂತಲ್ಲಿ ಕೂರುವವಳಲ್ಲ, ಬಾಯಿ ಮುಚ್ಚುವವಳಲ್ಲ. ಆದರೆ ಅಂದು ಬೆಳಗಿನಿಂದ ಮಾತು ಕಡಿಮೆಯಾಗಿತ್ತು.

"ಯಾಕೆ ತಾತ ಇಷ್ಟು ಬೆವರ್ತಾ ಇದೀಯ?" ಎಂದಳು ಒಮ್ಮೆ.

"ಹಳೇ ಕೊಡ ಅಲ್ವೇನೆ, ಸೋರತ್ತೆ."

ಅವಳು ನಗಲಿಲ್ಲ.

ಒಳಗೆ ಉದ್ದನೆಯ ಶೆಡ್ಡು, ಕಿಟಕಿಗಳಿಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಕಿರೀಟಗಳು, ಮುರಿದ ರೆಕ್ಕೆಗಳು, ತಲೆಯಿಲ್ಲದ ಬೊಂಬೆಗಳಿಗೆ ತೊಡಿಸಿದ ನಿಲುವಂಗಿಗಳು. ಕೊನೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಹಗ್ಗದ ಬೇಲಿಯ ಒಳಗೆ ನನ್ನ ಮರ ನಿಂತಿತ್ತು. ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟಿದ್ದರು. ಸಂದಿಯಲ್ಲಿ ಬರೀ ಕತ್ತಲೆ. ನಾನೇ ಮಾಡಿದ ಕತ್ತಲೆಯೆಂದು ಗೊತ್ತಿದ್ದೂ ಬಗ್ಗಿ ಇಣುಕಿದೆ.

ಕೈ ತನಗೆ ತಾನೇ ಮುಂದೆ ಹೋಯಿತು. ತೊಗಟೆಯ ಆ ಗಂಟನ್ನು ಕೊರೆಯಲು ನನಗೆ ಎರಡು ದಿನ ಹಿಡಿದಿತ್ತು.

"ಯಜಮಾನ್ರೇ, ಬೋರ್ಡು ಕಾಣಲ್ವಾ? ಮುಟ್ಟಬೇಡಿ ಅಂತ ಬರೆದಿದೆ." ಕಾವಲಿನ ಹೆಂಗಸು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದಳು.

"ಕಾಣತ್ತೆ ತಾಯಿ. ಇದನ್ನ ಮಾಡಿದವನು ನಾನು. ಹೆತ್ತವಳಿಗೆ ತೊಟ್ಟಿಲು ಮುಟ್ಟಬೇಡ ಅಂದ ಹಾಗಾಯ್ತು."

"ಇಲ್ಲಿ ಬರೋ ಮುದುಕರೆಲ್ಲ ಹೀಗೇ ಹೇಳೋದು. ಹೋದ ವಾರ ಒಬ್ಬರು, ಆ ರಾಕ್ಷಸನ ಹೊಟ್ಟೆಯೊಳಗೆ ನಾನೇ ಇದ್ದೆ ಅಂದ್ರು."

"ಕುಳ್ಳಗಿದ್ರಾ? ಎಡಗಾಲು ಎಳೀತಿದ್ರಾ?"

"ಹೌದು!"

"ಹಾಗಾದ್ರೆ ನಿಜಾನೇ ಹೇಳಿದಾನೆ."

ಅವಳು ಜೋರಾಗಿ ನಕ್ಕಳು. ನಾನೂ ನಕ್ಕೆ. ಒಂದು ವರ್ಷದಲ್ಲಿ ಅದೇ ಮೊದಲ ನಗೆಯಿರಬೇಕು. ಆ ನಗೆಯಲ್ಲಿ 'ಟಕ್' ಎಂಬ ಸದ್ದನ್ನು ಕೇಳಿಯೂ ಕೇಳದಂತಿದ್ದೆ. ತಿರುಗಿ ನೋಡಿದರೆ ಕಿರುಬೆರಳು ಬರಿದಾಗಿತ್ತು.

"ಚಿನಕುರುಳೀ!"

ಶೆಡ್ಡಿನಲ್ಲಿ ನನ್ನ ದನಿಯೇ ತಿರುಗಿ ಬಂತು. ಹೆಂಗಸು ಹೊರಬಾಗಿಲಿಗೆ ಓಡಿದಳು, ನಾನು ಗಾಜಿನ ಪೆಟ್ಟಿಗೆಗಳ ಸಾಲಿಗೆ. ನಿಲುವಂಗಿಗಳನ್ನು ಎತ್ತಿ ನೋಡಿದೆ, ಬೊಂಬೆಗಳ ಕಾಲಸಂದಿಯಲ್ಲಿ ಬಗ್ಗಿ ನೋಡಿದೆ. ಏದುಸಿರು ಬಿಡುತ್ತ ಮತ್ತೆ ಮರದ ಬಳಿಗೆ ಬಂದಾಗ ಬೇಲಿಯ ಒಳಗೆ ಅವು ಕಂಡವು. ಎರಡು ಪುಟ್ಟ ಬೂಟುಗಳು. ಒಂದರ ಪಕ್ಕ ಒಂದು, ನೀಟಾಗಿ ಜೋಡಿಸಿಟ್ಟಿದ್ದವು. ಬಾಗಿಲು ಮುಚ್ಚಿತ್ತು.

ಸೆಟ್ಟಿನ ಬಾಗಿಲಿಗೆ ಕ್ಯಾಮೆರಾ ನೋಡುವ ಕಡೆ ಮಾತ್ರ ಹಿಡಿ ಇಡುತ್ತೇವೆ. ಒಳಗಡೆ ಹಿಡಿಯಿಲ್ಲ, ಚಿಲಕವಿಲ್ಲ. ಹೊರಗಿನ ಹಿಡಿಯನ್ನು ತಿರುಗಿಸಿದೆ. ಜನ ಆಟವಾಡುತ್ತಾರೆಂದು ಪ್ರದರ್ಶನದವರು ಅದನ್ನು ಸ್ಕ್ರೂ ಬಿಗಿದು ಕೂರಿಸಿಬಿಟ್ಟಿದ್ದರು. ಅಲುಗಲಿಲ್ಲ.

"ಕಂದಾ, ಒಳಗಿದೀಯಾ? ಮಾತಾಡೇ!"

ಮರಕ್ಕೆ ಕಿವಿ ಹಚ್ಚಿದೆ. ನನ್ನ ಎದೆಬಡಿತ ಬಿಟ್ಟರೆ ಏನೂ ಕೇಳಲಿಲ್ಲ. ಓಗೊಡಬಾರದು ಎಂಬುದು ಅವಳಿಗೆ ಗೊತ್ತು. ಅದಕ್ಕೇ ಸುಮ್ಮನಿದ್ದಾಳೆಯೆ, ಇಲ್ಲ ಬೇರೆ ಏನಾದರೂ ಆಗಿದೆಯೆ? ನನಗೆ ಹೊಗೆ ಬಿಡುವವನ ನೆನಪಾಯಿತು. ಚಿತ್ರೀಕರಣದ ವೇಳೆ ಒಬ್ಬ ಒಳಗೆ ಕುಳಿತು, ಬಾಗಿಲ ಮೇಲೆ ಕೆತ್ತಿದ್ದ ಗೂಬೆಯ ಕೊಕ್ಕಿನ ತೂತಿನಿಂದ ಹೊಗೆ ಬಿಡುತ್ತಿದ್ದ. ಒಂದು ದಿನ ಯಾರೋ ಆ ತೂತಿಗೆ ಹಸಿ ಗಾರೆ ಮೆತ್ತಿದ್ದರು. ಹತ್ತೇ ನಿಮಿಷ, ಹೊರಗೆಳೆದಾಗ ಅವನ ತುಟಿ ನೀಲಿಯಾಗಿತ್ತು. ತಲೆಯೆತ್ತಿ ಗೂಬೆಯನ್ನು ನೋಡಿದೆ. ಕೊಕ್ಕನ್ನು ತುಂಬಿ, ಹೊಸದಾಗಿ ಬಣ್ಣ ಹೊಡೆದಿದ್ದರು.

ನನ್ನ ಕೂಗು ಕೇಳಿ ಹೆಂಗಸು ಫೋನು ಹಿಡಿದು ಓಡಿಬಂದಳು. "ಆಫೀಸಿಗೆ ಹೇಳಿದೆ. ರಿಪೇರಿಯವನು ಊಟಕ್ಕೆ ಹೋಗಿದಾನಂತೆ, ಅರ್ಧ ಗಂಟೆ ಅಂದ್ರು. ಅಯ್ಯೋ, ನನ್ನ ಪಾಳೀಲೇ ಆಗಬೇಕಿತ್ತಾ!"

"ಅರ್ಧ ಗಂಟೆ ಆಗಲ್ಲ ತಾಯಿ. ಬೀಗದ ಕೈ ಕೊಡು. ಫೋನಿನ ದೀಪ ಹಿಡಿ."

"ಏನು ಮಾಡ್ತೀರಿ?"

"ಬೆನ್ನು ಬಿಚ್ಚತೀನಿ."

ಸೆಟ್ಟುಗಳನ್ನು ಬೇಗ ಕಳಚಿ ಲಾರಿಗೆ ಹೇರಬೇಕಾಗುತ್ತದೆ. ಆದ್ದರಿಂದ ಹಿಂಬದಿಯ ಹಲಗೆಗೆ ನಾವು ಮೊಳೆ ಹೊಡೆಯುವುದಿಲ್ಲ. ಒಂದು ಅಂಚಿನಲ್ಲಿ ಮೂರು ಕೀಲು ಜೋಡಿಸಿ, ಒಂದೊಂದಕ್ಕೂ ಕಬ್ಬಿಣದ ಕಡ್ಡಿ ಇಳಿಬಿಡುತ್ತೇವೆ. ಕಡ್ಡಿ ತೆಗೆದರೆ ಬೆನ್ನು ಬಿಚ್ಚಿಕೊಳ್ಳುತ್ತದೆ. ಮಗುವಿನ ಒಂದು ಬೂಟನ್ನು ಕೈಗೆತ್ತಿಕೊಂಡು, ಗೋಡೆಗೂ ಮರಕ್ಕೂ ನಡುವಿನ ಗೇಣಗಲದ ಜಾಗದಲ್ಲಿ ಅಡ್ಡಡ್ಡಲಾಗಿ ತೂರಿದೆ. ಮುಪ್ಪು ನನ್ನನ್ನು ಒಣಗಿಸಿದ್ದು ಅಂದು ಉಪಯೋಗಕ್ಕೆ ಬಂತು. ಕಡ್ಡಿಯ ಕೆಳತುದಿಗೆ ಬೀಗದ ಕೈ ಇಟ್ಟು, ಬೂಟಿನ ಹಿಮ್ಮಡಿಯಿಂದ ಹೊಡೆದೆ. ದೇವರ ಹೆಸರು ಹೇಳುತ್ತ ಹೊಡೆದೆ. ಮೊದಲನೆಯದು ಬಂತು. ಎರಡನೆಯದೂ ಬಂತು. ಮೂರನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಒಳಗೆ ಮೌನ. ನಾಲ್ಕೇ ಅಂಗುಲದ ಆಚೆ ಇದ್ದಳು, ಜೀವದಿಂದಿದ್ದಾಳೋ ಇಲ್ಲವೋ ತಿಳಿಯದು. ಮಗಳ ಹಾಸಿಗೆಯ ಪಕ್ಕದಲ್ಲಿಯೂ ಕೊನೆಗೆ ಇಂಥದೇ ಮೌನವಿತ್ತು.

ಹಲಗೆಗೆ ಬಾಯಿ ಹಚ್ಚಿ ಹೇಳಿದೆ: "ಚಿನಕುರುಳೀ, ಕೇಳು. ಅಲ್ಲಿ ಊರಿಲ್ಲ. ತಾತ ಸುಳ್ಳು ಹೇಳ್ದೆ."

ಒಳಗಿನಿಂದ ದಣಿದ ಸಣ್ಣ ದನಿ: "ನೀನು ಈಗ ಸುಳ್ಳು ಹೇಳ್ತಾ ಇರೋದು."

ಹೋದ ಜೀವ ಬಂದಂತಾಯಿತು. "ಮಾತಾಡ್ತಾ ಇರು ಮಗಳೇ!"

"ಆಗಲ್ಲ. ಊರು ಹೋಗ್ಬಿಡತ್ತೆ. ಅಮ್ಮ ಬಾಗಿಲು ತೆಗೀತಾಳೆ ಈಗ." ಅವಳು ಕೆಮ್ಮಿದಳು. "ತಾತ, ಇಲ್ಲಿ ಸೆಖೆ."

"ಅಮ್ಮ ತೆಗೆಯಲ್ಲ ಕಂದ. ಅಮ್ಮ ಸತ್ತುಹೋದಳು. ಜ್ವರ ಬಂದು ಸತ್ತುಹೋದಳು. ನಿನಗೆ ಹೇಳೋ ಧೈರ್ಯ ಈ ಮುದಿಗೂಬೆಗೆ ಇರಲಿಲ್ಲ."

ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಒಳಗೆ ಕೆಮ್ಮೂ ನಿಂತಿತು. ನಾನು ಕಣ್ಣು ಮುಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಬೂಟಿನ ಹಿಮ್ಮಡಿ ಕಿತ್ತುಹೋಯಿತು, ಕಡ್ಡಿ ಎಗರಿ ಬಿತ್ತು. ಹಲಗೆಯ ಅಂಚು ಹಿಡಿದು ಇಬ್ಬರೂ ಪಕ್ಕಕ್ಕೆ ಜಾರಿಸಿ ಎಳೆದೆವು.

ಅವಳು ನಮಗೆ ಬೆನ್ನು ಮಾಡಿ ನಿಂತಿದ್ದಳು. ಕೂದಲೆಲ್ಲ ಬೆವರಿಗೆ ಅಂಟಿತ್ತು. ದೀಪದ ಬೆಳಕು ಬಿದ್ದ ಮೇಲೆ ಕಣ್ಣು ಬಿಟ್ಟು ಸುತ್ತಲೂ ನೋಡಿದಳು. ಗೋಣಿತಾಟು, ಗಾರೆ, ಪಟ್ಟಿಗಳು, ಒಳಕ್ಕೆ ಚಾಚಿದ ಮೊಳೆಗಳ ತುದಿ, ನನ್ನ ಪೆನ್ಸಿಲ್ಲಿನ ಅಳತೆಗಳು.

"ಇಷ್ಟೇನಾ?"

"ಇಷ್ಟೇ."

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಅವಳಿಗೂ ತೋರಿಸಿರಲಿಲ್ಲ."

ಅವಳನ್ನು ಎತ್ತಿಕೊಂಡು ಈಚೆಗೆ ತಂದೆ. ಹೆಂಗಸು ನೀರು ಕುಡಿಸಿದಳು, ಬೈಯಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಳು. ಮಗು ನನ್ನ ಕುತ್ತಿಗೆಯಲ್ಲಿ ಮುಖವಿಟ್ಟು ಬಹಳ ಹೊತ್ತು ಅತ್ತಿತು. ಒಂದು ವರ್ಷದಿಂದ ನಾನೇ ತಡೆದು ನಿಲ್ಲಿಸಿದ್ದ ಅಳು ಅದು. ತಡೆಯಲಿಲ್ಲ.

ಕೊನೆಗೆ ಕೇಳಿದಳು: "ಸತ್ತವರು ಎಲ್ಲಿ ಹೋಗ್ತಾರೆ ತಾತ?"

ಬಾಗಿಲು ಮುಚ್ಚಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ. "ದೇವರ ಹತ್ತಿರ ಅಂತ ನಾನು ನಂಬಿದೀನಿ. ನೋಡಿಲ್ಲ ಕಂದ."

"ದೇವರ ಬಾಗಿಲಿಗೆ ಒಳಗಡೆ ಹಿಡಿ ಇದೆಯಾ?"

"ಗೊತ್ತಿಲ್ಲ. ಅದನ್ನ ಮಾಡಿದವನು ನಾನಲ್ಲ."

ಅವಳು ಕೆಳಗಿಳಿದು, ಹಿಮ್ಮಡಿಯಿಲ್ಲದ ಬೂಟಿಗೆ ಕಾಲು ತೂರಿಸಿದಳು. ಮನೆಯವರೆಗೂ ಕುಂಟುತ್ತ ನಡೆದಳು. ಎತ್ತಿಕೊಳ್ಳುತ್ತೇನೆಂದರೆ ಬೇಡವೆಂದಳು. ಆದರೆ ಈ ಸಲ ಕಿರುಬೆರಳನ್ನಲ್ಲ, ಇಡೀ ಕೈಯನ್ನು ಹಿಡಿದಿದ್ದಳು.