ಹಾರುವ ಸದ್ದೋ, ಬೀಳುವ ಸದ್ದೋ

ಖಾಲಿ ಆಕಾಶಕ್ಕೆ ಕಿವಿಗೊಟ್ಟು ಕೂರುವುದೇ ಒಂದು ಕಾಲದಲ್ಲಿ ನನ್ನ ಕೆಲಸವಾಗಿತ್ತು.

ನಾನು ಹಾರ್ಮೋನಿಯಂ ಕಲಿಸುತ್ತ, ರಿಪೇರಿ ಮಾಡುತ್ತ ಇದ್ದವನು. ಊರಾಚೆಯ ಬಯಲಿನಲ್ಲಿ ಚಾಲಕನಿಲ್ಲದ ಬೇಹು ವಿಮಾನವೊಂದರ ಪರೀಕ್ಷೆ ನಡೆಯುತ್ತಿತ್ತು. ಅದನ್ನು ಕಟ್ಟಿದ ಎಂಜಿನಿಯರ್ ಪ್ರಫುಲ್ಲಾ ಮೇಡಂ ನನ್ನ ಕಿವಿಯ ಸೂಕ್ಷ್ಮವನ್ನು ಯಾರಿಂದಲೋ ಕೇಳಿ ಅಂಗಡಿಗೇ ಬಂದರು.

"ರೇಡಾರಿಗೆ ಸಿಗದ ಹಾಗೆ ಮಾಡಿದ್ದೀವಿ. ಮನುಷ್ಯರ ಕಿವಿಗೆ ಸಿಗತ್ತೋ ಇಲ್ವೋ, ಅದನ್ನ ನೀವು ಹೇಳ್ಬೇಕು ಮೇಷ್ಟ್ರೇ."

ನೀರಿನ ಟ್ಯಾಂಕಿನ ಮೇಲೆ ಕುರ್ಚಿ ಹಾಕಿಸಿದರು. ವಿಮಾನ ಯಾವಾಗ ಹಾರುತ್ತದೆಂದು ನನಗೆ ಹೇಳುತ್ತಿರಲಿಲ್ಲ. ಕೇಳಿಸಿದರೆ ಪುಸ್ತಕದಲ್ಲಿ ಸಮಯ, ದಿಕ್ಕು ಬರೆಯಬೇಕು. ಮೊದಮೊದಲು ದಿನಕ್ಕೆ ನಾಲ್ಕು ಸಲ ಬರೆದೆ. ಮೇಡಂ ಮುಖ ಸಪ್ಪಗಾಗುತ್ತಿತ್ತು. ರೆಕ್ಕೆ ಬದಲಾಯಿತು, ಫ್ಯಾನು ಬದಲಾಯಿತು. ಬರಬರುತ್ತ ಆಕಾಶ ಮತ್ತೆ ಖಾಲಿಯಾಯಿತು. ಅದು ಹಾರುತ್ತಿಲ್ಲವೋ, ನನಗೇ ಕಿವುಡು ಬರುತ್ತಿದೆಯೋ ತಿಳಿಯದೆ, ಮನೆಗೆ ಬಂದವನೇ ಶ್ರುತಿಪೆಟ್ಟಿಗೆ ಒತ್ತಿ ಕಿವಿ ಪರೀಕ್ಷಿಸಿಕೊಳ್ಳುತ್ತಿದ್ದೆ.

ಕೊನೆಯ ಪರೀಕ್ಷೆಯ ದಿನ ದೊಡ್ಡ ಅಧಿಕಾರಿಗಳು ಬಂದಿದ್ದರು. ಹನ್ನೊಂದರ ಹೊತ್ತಿಗೆ ಕಲ್ಲಿನ ಕ್ವಾರಿಯ ಕಡೆ ಯಾರೋ ಒಂದು ಸ್ವರ ಎಳೆದು ಅರ್ಧಕ್ಕೇ ಬಿಟ್ಟಂತಾಯಿತು. ಕೇಳಿಸಿತೋ, ಕೇಳಿಸಿದಂತೆ ಅನ್ನಿಸಿತೋ? ಮೇಡಂ ಮುಖ ಕಣ್ಣಮುಂದೆ ಬಂತು. 'ಏನೂ ಇಲ್ಲ' ಎಂದು ಬರೆದೆ.

ಮಧ್ಯಾಹ್ನ ಮೇಡಂ ಏದುಸಿರು ಬಿಡುತ್ತ ಟ್ಯಾಂಕು ಹತ್ತಿ ಬಂದರು.

"ವಿಮಾನ ವಾಪಸ್ ಬಂದಿಲ್ಲ. ಸಂಪರ್ಕ ಕಡಿದುಹೋಗಿದೆ. ರೇಡಾರಲ್ಲಿ ಹುಡುಕೋಣ ಅಂದ್ರೆ, ಕಾಣೋ ಹಾಗೆ ನಾವೇ ಮಾಡಿಲ್ಲ. ನಿಜ ಹೇಳಿ, ಏನಾದ್ರೂ ಕೇಳಿಸ್ತಾ?"

ಹೇಳಿದರೆ ವಿಮಾನ ಸಿಗಬಹುದು. ಆದರೆ ಅವರ ಮೂರು ವರ್ಷದ ದುಡಿಮೆ ಸೋತಂತೆ.

"ಕ್ವಾರಿ ಕಡೆ... ಹನ್ನೊಂದಕ್ಕೆ. ಬರೀಲಿಲ್ಲ, ತಪ್ಪಾಯ್ತು ಮೇಡಂ."

ಕ್ವಾರಿಯ ತಳದಲ್ಲಿ ಅದು ಒಂದು ರೆಕ್ಕೆ ಮುರಿದುಕೊಂಡು ಬಿದ್ದಿತ್ತು. ಅಷ್ಟು ದಿನ ಕಾದಿದ್ದರೂ ನಾನದನ್ನು ನೋಡಿದ್ದು ಅದೇ ಮೊದಲು. ಮೇಡಂ ನನ್ನ ಪುಸ್ತಕ ಇಸಿದುಕೊಂಡು, ಬರೆದಿದ್ದನ್ನು ಹೊಡೆದುಹಾಕಿ ಕೇಳಿದರು:

"ನೀವು ಕೇಳಿದ್ದು ಹಾರೋವಾಗಿನ ಸದ್ದಾ, ಬೀಳೋವಾಗಿನದಾ?"

ಹಾರುವಾಗಿನದಾದರೆ ಅವರು ಸೋತಿದ್ದರು. ಬೀಳುವಾಗಿನದಾದರೆ, ಅಲ್ಲಿಯವರೆಗೂ ಗೆದ್ದಿದ್ದರು. ಒಂದು ಮಾತಿನಲ್ಲಿ ನಾನವರನ್ನು ಗೆಲ್ಲಿಸಬಹುದಿತ್ತು.

"ಗೊತ್ತಾಗ್ಲಿಲ್ಲ ಮೇಡಂ," ಎಂದೆ.

ಅವರು ಅದನ್ನೇ ಬರೆದುಕೊಂಡರು. ಬಯ್ಯಲಿಲ್ಲ, ನಗಲೂ ಇಲ್ಲ. ಆಮೇಲೆ ಮಂಡಿಯೂರಿ ಕುಳಿತು, ಸೆರಗಿನ ತುದಿಯಿಂದ ಮುರಿದ ರೆಕ್ಕೆಯ ಮೇಲಿನ ಕಲ್ಲುಪುಡಿಯನ್ನು ಮೆಲ್ಲಗೆ ಒರೆಸತೊಡಗಿದರು.