ಮಹಾದೇವಮ್ಮನ ಅಂಗಳಕ್ಕೆ ಸೀಲರ್ ಹಾಕಿದ್ದು ಯಾವಾಗ?

ಮಳೆಗಾಲದಲ್ಲಿ ನಮ್ಮ ಅಂಗಳಗಳು ಹೇಗೆ ಪಾಚಿ ಹಿಡಿಯುತ್ತವೆ ಅಂತ ಸೋಮವಾರಪೇಟೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಹಾದೇವಮ್ಮ ಹೋದ ವರ್ಷದ ಆಷಾಢದಲ್ಲಿ ಜಾರಿ ಬಿದ್ದದ್ದು ಅಂಥ ಅಂಗಳದಲ್ಲೇ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟಾದರು. ಆದರೆ ಮಣ್ಣಿನ ಅಂಗಳದಲ್ಲಿ ವಾಕರ್ ನಿಲ್ಲುತ್ತಿರಲಿಲ್ಲ.

ರಸ್ತೆಯಾಚೆ ಗೆಳತಿ ವಿಮಲಮ್ಮನ ಮನೆ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಸಂಜೆ ಗೇಟಿನ ಹತ್ತಿರ ನಿಂತು ನಾಲ್ಕು ಮಾತಾಡದೆ ದೀಪ ಹಚ್ಚಿದವರಲ್ಲ. ಈಗ ವಿಮಲಮ್ಮನಿಗೂ ಮಂಡಿನೋವು. ಜಾರುವ ಅಂಗಳಕ್ಕೆ ಕಾಲಿಡಲು ಹೆದರಿಕೆ. ಅವರು ಗೇಟಿನಾಚೆ ನಿಂತು ಕೈಯೆತ್ತುತ್ತಿದ್ದರು, ಇವರು ಜಗಲಿಯಿಂದ ಕೈಯೆತ್ತುತ್ತಿದ್ದರು. ಅಷ್ಟು ದೂರದಿಂದ ಏನೂ ಕೇಳಿಸುತ್ತಿರಲಿಲ್ಲ.

ತಾಯಿಯ ಮುಖ ನೋಡಲಾರದೆ ಮಗ ಅನಿಲ್‌ಕುಮಾರ್ ಈ ಬೇಸಿಗೆಯ ಕೊನೆಯಲ್ಲಿ ಜಗಲಿಯಿಂದ ಗೇಟಿನವರೆಗೂ ಸಿಮೆಂಟಿನ ಇಂಟರ್‌ಲಾಕ್ ಕಲ್ಲು ಹಾಕಿಸಿದ. ಮೆಟ್ಟಿಲ ಪಕ್ಕ ಇಳಿಜಾರನ್ನೂ ಮಾಡಿಸಿದ. ಆದರೆ ನೀರು, ಪಾಚಿ ಹಿಡಿಯದಂತೆ ಕಲ್ಲಿಗೆ ಬಳಿಯುವ ಸೀಲರ್ ಹೊಡೆದು ಒಣಗುವವರೆಗೂ ಕಾಲಿಡಬೇಡ ಅಂದುಬಿಟ್ಟ. ಮಹಾದೇವಮ್ಮ ಮತ್ತೆ ಜಗಲಿಯಲ್ಲೇ ಕುಳಿತರು. ದಾರಿ ಕಣ್ಣೆದುರಿಗೇ ಇತ್ತು.

ಆ ಕಲ್ಲುಗಳನ್ನು ಮಾಡಿದ್ದು ಊರಿನ ಸ್ವಸಹಾಯ ಸಂಘದ ಹೆಂಗಸರು. ಅವರಲ್ಲೊಬ್ಬರಾದ ಗಂಗಮ್ಮ ಕೆಲಸ ಹೇಗಾಗಿದೆ ನೋಡಲು ಬಂದರು. ಸೀಲರ್ ಡಬ್ಬ ಕಂಡು, ಇದನ್ನು ಈಗಲೇ ಹಾಕಬೇಡಿ ಅಂದರು.

ಅನಿಲ್‌ಕುಮಾರ್ ಒಪ್ಪಲಿಲ್ಲ. "ಮಳೆ ಹಿಡಿದರೆ ಮತ್ತೆ ಪಾಚಿ, ಗಂಗಕ್ಕ. ಅವ್ವ ಇನ್ನೊಂದು ಸಲ ಬಿದ್ದರೆ ಏಳೋದಿಲ್ಲ."

ಗಂಗಮ್ಮ ನಿಧಾನವಾಗಿ ವಿವರಿಸಿದರು. ಹೊಸ ಸಿಮೆಂಟ್ ಕಲ್ಲಿನೊಳಗೆ ನೀರಿನ ಪಸೆ ಇರುತ್ತದೆ. ಅದು ಹೊರಗೆ ಬರುವಾಗ ಒಳಗಿನ ಉಪ್ಪನ್ನೂ ಎಳೆದು ತಂದು ಮೇಲೆ ಬಿಳಿ ಪುಡಿ ಬಿಡುತ್ತದೆ. ಅದಕ್ಕೆ ಮೊದಲೇ ಸೀಲರ್ ಬಳಿದರೆ ಪಸೆ, ಉಪ್ಪು ಎರಡೂ ಒಳಗೇ ಸಿಕ್ಕಿಕೊಂಡು ಕಲ್ಲು ಬೆಳ್ಳಗೆ ಮಂಕಾಗುತ್ತದೆ, ಬಳಿದದ್ದು ಸುಲಿದೂ ಬರಬಹುದು. ಒಂದೆರಡು ತಿಂಗಳಾದರೂ ಬಿಡಬೇಕು. ಅಷ್ಟರಲ್ಲಿ ಮಳೆ ಶುರುವಾಗುತ್ತದೆ, ಒದ್ದೆ ಕಲ್ಲಿಗೆ ಹಾಕುವಂತಿಲ್ಲ. ಹಾಗಾಗಿ ಮಳೆ ಮುಗಿದು ಬಿಸಿಲು ಬರಲಿ.

"ಅಲ್ಲಿವರೆಗೂ ಅವ್ವ ಒಳಗೇ ಕೂತಿರಬೇಕಾ?"

"ಸೀಲರಿಗೆ ಕಾಯಬೇಕು ಕಣಪ್ಪ, ನಡೆಯೋಕೆ ಕಾಯಬೇಕಾಗಿಲ್ಲ. ಕಲ್ಲು ಗಟ್ಟಿಯಾಗಿ ಕೂತಿದೆ, ಸಂದಿಗೆ ಮರಳು ತುಂಬಿದೆ. ಇವತ್ತೇ ನಡೀಲಿ."

ಅನಿಲ್‌ಕುಮಾರ್ ತಾನೇ ಗೇಟಿನವರೆಗೆ ಒತ್ತಿ ಒತ್ತಿ ನಡೆದು ನೋಡಿದ. ಒಂದು ಕಲ್ಲೂ ಅಲುಗಲಿಲ್ಲ. ಸಂಜೆ ತಾಯಿಯ ಪಕ್ಕದಲ್ಲೇ ಹೆಜ್ಜೆಹಾಕಿದ. ಮಹಾದೇವಮ್ಮ ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡರು. ವಿಮಲಮ್ಮ ಆಗಲೇ ಗೇಟಿನ ಸರಳು ಹಿಡಿದು ನಿಂತಿದ್ದರು.

"ಬಂದ್ಯಾ?" ಅಂದರು.

"ಬಂದೆ ಕಣೆ."

 ಇಬ್ಬರೂ ಕೈ ಹಿಡಿದುಕೊಂಡು ನಿಂತರು.

ಸ್ವಲ್ಪ ದಿನಕ್ಕೆ ಕಲ್ಲಿನ ಮೇಲೆ ಬಿಳಿ ಪುಡಿ ಕಾಣಿಸಿತು. ಗಾಬರಿಯಾದ ಅನಿಲ್‌ಕುಮಾರ್‌ಗೆ ಗಂಗಮ್ಮ, ಒಣಗಿದಾಗ ಗಡಸು ಬ್ರಷ್‌ನಿಂದ ಉಜ್ಜಿ ಗುಡಿಸು ಅಂದರು. ಮಳೆಗಾಲದಲ್ಲಿ ಅವನು ಪಾಚಿ ಕಟ್ಟಲು ಬಿಡದೆ ತಿಕ್ಕುತ್ತಿದ್ದ. ಜಡಿಮಳೆಯ ದಿನ ಮಹಾದೇವಮ್ಮ ಇಳಿಯುತ್ತಿರಲಿಲ್ಲ. ಗೇಟಿನಾಚೆ ವಿಮಲಮ್ಮನ ಕೊಡೆಯನ್ನು ನೋಡುತ್ತಾ ಮಳೆ ನಿಂತು ಹೊಳವಾಗಲಿ ಅಂತ ಕಾಯುತ್ತಿದ್ದರು.

ದೀಪಾವಳಿ ಕಳೆದಮೇಲೆ ಬಿಳಿ ಪುಡಿ ಬರುವುದು ನಿಂತಿತು. ಅಂಗಳ ತೊಳೆದು, ಚೆನ್ನಾಗಿ ಒಣಗಲು ಬಿಟ್ಟು, ಸಂದಿಗೆ ಮತ್ತೆ ಮರಳು ತುಂಬಿ, ಜಾರದಂಥ ಸೀಲರ್ ಹಾಕಿಸಿದರು. ಅದು ಒಣಗುವವರೆಗೆ ಮಾತ್ರ ಗೆಳತಿಯರು ದೂರದಿಂದಲೇ ಕೈಯೆತ್ತಿದರು.

ನಿಮ್ಮ ಮನೆಗೂ ಹೊಸ ಇಂಟರ್‌ಲಾಕ್ ಹಾಕಿಸಿದ್ದೀರಾ? ಹಾಗಿದ್ದರೆ ಸೀಲರಿಗೆ ಅವಸರ ಮಾಡಬೇಡಿ. ಬಿಳಿ ಪುಡಿ ಬಂದು ನಿಲ್ಲಲಿ, ಕಲ್ಲು ಪೂರ್ತಿ ಒಣಗಲಿ, ಮಳೆ ಇಲ್ಲದ ದಿನ ನೋಡಿ. ಡಬ್ಬದ ಮೇಲೆ ಬರೆದದ್ದನ್ನು ಓದಿ, ತಿಳಿದವರನ್ನು ಕೇಳಿ ಹಾಕಿಸಿ. ಆದರೆ ಅಂಗಳಕ್ಕಿಳಿಯಲು ಆಸೆಪಟ್ಟು ಕುಳಿತವರು ನಿಮ್ಮ ಮನೆಯಲ್ಲಿದ್ದರೆ, ಅವರನ್ನು ಕಾಯಿಸಬೇಡಿ. ಇವತ್ತೇ ಕೈಹಿಡಿದು ಕರೆದುಕೊಂಡು ಹೋಗಿ.