ಪರದೆಗೆ ತಲುಪದ ಪ್ಯಾಕೆಟ್‌ಗಳು

ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಪೂನಂ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಸರ್ವರ್‌ಗೆ, ಬೇಡದ ಸಂದೇಶಗಳನ್ನು ತಡೆಯುವ ಹೊಸ ಫೈರ್‌ವಾಲ್ ಹಾಕಿದ್ದರು. ಆಮೇಲೆ ಕಂಟ್ರೋಲ್ ರೂಮಿನ ಪರದೆಯಲ್ಲಿ ಗ್ಯಾಸಿನ ಅಂಕಿಗಳು ಕದಲಲೇ ಇಲ್ಲ. ಎಲ್ಲವೂ ಹಸಿರಾಗಿಯೇ ಇತ್ತು. ಅದೇ ಅವಳಿಗೆ ಸರಿಕಾಣಲಿಲ್ಲ.

ಸರ್ವರ್‌ನಲ್ಲಿ ಟರ್ಮಿನಲ್ ತೆರೆದು, ಸೆನ್ಸರ್‌ಗಳ ಅಂಕಿ ಹೊತ್ತು ಒಳಬರುವ ಯುಡಿಪಿ ಪ್ಯಾಕೆಟ್‌ಗಳನ್ನಷ್ಟೇ, ಫೈರ್‌ವಾಲ್ ತಡೆಯುವ ಮೊದಲೇ ಹಿಡಿದು ತೋರಿಸುವಂತೆ ಟಿಸಿಪಿಡಂಪ್ ಕಮಾಂಡ್ ಕೊಟ್ಟಳು. ಸಾಲುಗಳು ಸುರಿಯತೊಡಗಿದವು. ಸೆನ್ಸರ್‌ಗಳು ಅಂಕಿಗಳನ್ನು ಕಳಿಸುತ್ತಲೇ ಇದ್ದವು, ಫೈರ್‌ವಾಲ್ ಅವನ್ನು ಪರದೆಗೆ ತಲುಪಲು ಬಿಟ್ಟಿರಲಿಲ್ಲ. ಮೂರನೇ ಟ್ಯಾಂಕಿನ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಓದಿದಳು. ಅಲ್ಲಿ ಗಾಳಿಯಲ್ಲಿ ಗ್ಯಾಸಿನ ಅಂಕಿ ಏರುತ್ತಲೇ ಇತ್ತು. ಅದೇ ಟ್ಯಾಂಕಿನ ಪಕ್ಕ ಫೋರ್‌ಮನ್ ಬಾಳಪ್ಪ ಪೈಪ್ ವೆಲ್ಡಿಂಗ್ ಮಾಡಿಸಲು ಹೋಗಿದ್ದ.

ಪೂನಂ ಅವನಿಗೆ ಫೋನ್ ಮಾಡಿದಳು. "ಕಾಕಾ, ವೆಲ್ಡಿಂಗ್ ಹಚ್ಚಬ್ಯಾಡ್ರಿ! ಗ್ಯಾಸ್ ಸೋರಾಕತ್ತೈತಿ!"

"ಕಂಟ್ರೋಲ್ ರೂಮಿನವ್ರು ಎಲ್ಲಾ ಹಸಿರು ಐತಿ ಅಂದ್ರಲ್ಲವ್ವಾ?"

"ಅದು ಮುಂಜಾನಿ ಅಂಕಿ ರೀ! ಎಲ್ಲಾರ್ನೂ ಕರಕೊಂಡು ಹೊರಗ ಬರ್ರಿ, ಲಗೂನ!"

ಪೂನಂ ಸೈರನ್ ಒತ್ತಿದಳು. ಎಲ್ಲರೂ ಕೆಮ್ಮುತ್ತ ಗೇಟಿಗೆ ಓಡಿ ಬಂದರು. ಬೆಂಕಿ ಹತ್ತಲಿಲ್ಲ. ಬಾಳಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಗಾಳಿ ತಿರುಗಿತು. ಕಟುವಾಸನೆ ಕಾಂಪೌಂಡ್ ದಾಟಿ, ರಸ್ತೆಯಾಚೆ ಒಲೆಗಳು ಉರಿಯುತ್ತಿದ್ದ ಸಾಲುಮನೆಗಳ ಚಾಳಿನತ್ತ ಹೊರಟಿತು. ಒಲೆ ಆರಿಸಿರೆಂದು ಕೂಗುತ್ತ ಪೂನಂ ಅತ್ತ ಓಡಿದಳು.